ಡಬ್ಬಿಯಕ್ಕ ಮತ್ತು ಬೂದು ಸ್ಪಂಜು

ಯಾರ ಮನೆಗೆ ಹೋಗಲಿ, ಡಬ್ಬಿಯಕ್ಕನ ಕಣ್ಣು ಮೊದಲು ಹೋಗುವುದು ಕಪಾಟಿನ ತಲೆಯ ಮೇಲೆ. ಜನ ಖಾಲಿ ಡಬ್ಬಿಗಳನ್ನು ಒಟ್ಟುವುದು ಅಲ್ಲೇ ತಾನೆ? ಬೂಟಿನದೋ ಇಸ್ತ್ರಿ ಪೆಟ್ಟಿಗೆಯದೋ ಒಂದು ಡಬ್ಬಿ ಕೈಗೆ ಸಿಕ್ಕರೆ ಸಾಕು, ತಿರುಗಿಸಿ ಮಗುಚಿ ನೋಡುತ್ತಾಳೆ. ಅಂಟು ಎಲ್ಲಿ ಸವರಿದ್ದಾರೆ, ಮಡಿಕೆ ಒಳಗಿನಿಂದ ಬಂದಿದೆಯೋ ಹೊರಗಿನಿಂದಲೋ, ಈ ಒಂದು ಮೂಲೆ ಮಾತ್ರ ಯಾಕೆ ಬಾಯಿ ಬಿಟ್ಟಿದೆ. ಯಾರಾದರೂ ಉಡುಗೊರೆ ಕೊಟ್ಟರಂತೂ ಫಜೀತಿ. ಕೊಟ್ಟವರು, ಒಳಗಿನ ಗಾಜಿನ ಲೋಟಗಳನ್ನು ನೋಡಿ ಏನನ್ನುತ್ತಾಳೋ ಎಂದು ಕಾಯುತ್ತಿದ್ದರೆ, ಇವಳು ಲೋಟಗಳನ್ನು ಪಕ್ಕಕ್ಕಿಟ್ಟು, "ಅಬ್ಬಾ, ಒಂದು ಹನಿ ಅಂಟಿಲ್ಲದೆ ನಿಲ್ಲಿಸಿದಾರೆ ನೋಡಿ!" ಎಂದು ರಟ್ಟನ್ನು ಬೆಳಕಿಗೆ ಹಿಡಿಯುತ್ತಾಳೆ.

"ಮದುವೆ ದಿನ ನನ್ನನ್ನೂ ಒಂದು ಒಳ್ಳೆ ಡಬ್ಬೀಲಿ ಹಾಕಿ ಕೊಡಬೇಕಾಗಿತ್ತು," ಎನ್ನುತ್ತಿದ್ದ ಅವಳ ಗಂಡ. "ಮೊದಲ ದಿನದಿಂದಲೇ ಸ್ವಲ್ಪ ಬೆಲೆ ಸಿಗ್ತಿತ್ತು."

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗೋಡೆಗೆ ನೇತುಹಾಕಿದ, ಒಂದೇ ತೋಳು ಕೂಡಿಸಿದ ಕೋಟುಗಳು. ಅವಳು ಆಟದ ರೈಲು ಮಾಡುವ ಕಾರ್ಖಾನೆಯ ಡಬ್ಬಿ ವಿಭಾಗದವಳು. ಹತ್ತೊಂಬತ್ತಕ್ಕೆ ಸೇರಿದವಳು ಹೊರಬಂದಾಗ ಅರವತ್ತು.

ಕಾರ್ಖಾನೆಗೆ ಮೂರು ಅಂತಸ್ತು. ಕೆಳಗೆ ಲೋಹ ಕರಗಿಸಿ ಎರಕ ಹೊಯ್ಯುವ ಗದ್ದಲ, ನಡುವೆ ಬಣ್ಣ ಮತ್ತು ಜೋಡಣೆ, ತುದಿಯಲ್ಲಿ ತಗಡಿನ ಚಾವಣಿಯ ಕೆಳಗೆ ಡಬ್ಬಿಯವರು. ಅವಳು ಸೇರಿದ ಕಾಲದಲ್ಲಿ ಒಂದೊಂದು ಡಬ್ಬಿಯೂ ಕೈಯಲ್ಲೇ ಆಗಬೇಕು. ದಪ್ಪ ರಟ್ಟನ್ನು ಕತ್ತರಿಸು, ಮೂಲೆಗೆ ತಂತಿಯ ಪಿನ್ನು ಹೊಡೆ, ಮೇಲೆ ಹೊಳೆಯುವ ಕೆಂಪು ಕಾಗದ ಎಳೆದು ಅಂಟಿಸು, ಗುಳ್ಳೆ ಏಳದ ಹಾಗೆ ಮೂಳೆಯ ಪಟ್ಟಿಯಿಂದ ತಿಕ್ಕು. ಮುಚ್ಚಳದ ಮೇಲೆ ಹೊಗೆಯುಗುಳುವ ಎಂಜಿನ್ನಿನ ಚಿತ್ರ. ಒಳಗೆ ಅಲೆಅಲೆಯಾದ ರಟ್ಟಿನ ಪಟ್ಟಿಗಳು, ಅದರ ನಡುವೆ ಬೆಣ್ಣೆಕಾಗದ ಸುತ್ತಿಕೊಂಡ ಎಂಜಿನ್ನು. ಆ ಎಂಜಿನ್ನೋ, ಕೈತಪ್ಪಿ ಬಿದ್ದರೆ ನೆಲಕ್ಕೇ ಪೆಟ್ಟು, ಅದಕ್ಕಲ್ಲ. ಡಬ್ಬಿಯೂ ಅಷ್ಟೇ ಗಟ್ಟಿ. ಮೇಲಿನ ಗೂಡು ಎಟುಕದಿದ್ದಾಗ ಡಬ್ಬಿಯವರು ಅದರ ಮೇಲೇ ಹತ್ತಿ ನಿಲ್ಲುತ್ತಿದ್ದರು.

ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ಹಿರಿಯಮ್ಮ ಎನ್ನುತ್ತಿದ್ದರು. ಹೊಸ ಹುಡುಗಿ ಮೊದಲ ವಾರವೇ ಆಕೆಯ ತಲೆ ತಿನ್ನತೊಡಗಿದಳು.

"ಹಿರಿಯಮ್ಮ, ಇದನ್ನ ಯಾರು ತೆಗೀತಾರೆ?"

"ಅಂಗಡಿಯವರು."

"ಆಮೇಲೆ?"

"ತಗೊಂಡೋರು."

"ಅವರು ಹೇಗೆ ತೆಗೀತಾರೆ? ಕೂತ್ಕೊಂಡಾ, ನಿಂತ್ಕೊಂಡಾ? ತೆಗೆದ ಮೇಲೆ ಮುಚ್ಚಳ ಎಲ್ಲಿಡ್ತಾರೆ?"

ಹಿರಿಯಮ್ಮ ಅಂಟಿನ ಕುಂಚ ಕೆಳಗಿಟ್ಟಳು. "ನಲವತ್ತು ಡಬ್ಬಿ ಆಗಬೇಕು ಇವತ್ತು. ಮುಚ್ಚಳ ಅವರ ತಲೆ ಮೇಲಿಟ್ಕೊಳ್ಳಲಿ, ನಿನಗೇನು?"

ಆದರೆ ಒಮ್ಮೆ ತಲೆಗೆ ಹೊಕ್ಕ ಪ್ರಶ್ನೆಯನ್ನು ಸುಮ್ಮನೆ ಬಿಡುವ ಜಾಯಮಾನ ಅವಳದಲ್ಲ. ರಜೆಯ ದಿನ ಪೇಟೆಯ ಆಟಿಕೆ ಅಂಗಡಿಗೆ ಹೋಗಿ ಒಂದು ಮೂಲೆಯಲ್ಲಿ ನಿಂತಳು. ಅಂಗಡಿಯವನು ಏನು ಬೇಕಮ್ಮ ಎಂದ. ಏನೂ ಬೇಡ, ಸುಮ್ಮನೆ ನೋಡ್ತೀನಿ ಎಂದಳು. ಅವನಿಗೆ ಅನುಮಾನ ಬಂತು, ಅರ್ಧ ಗಂಟೆ ಅವಳ ಕೈಗಳನ್ನೇ ಕಾದ. ಕೊನೆಗೆ ಅವಳು ತಾನು ಯಾರೆಂದು ಹೇಳಿಕೊಂಡಾಗ ನಕ್ಕು ಸ್ಟೂಲು ಕೊಟ್ಟ.

ಆ ಸ್ಟೂಲಿನ ಮೇಲೆ ಅವಳು ನಾಲ್ಕೈದು ರಜೆ ಕಳೆದಳು. ಅಂಗಡಿಯವನು ಡಬ್ಬಿಗಳನ್ನು ಗೂಡಿನಲ್ಲಿ ತುದಿ ಹೊರಗೆ ಕಾಣುವಂತೆ ಜೋಡಿಸುತ್ತಾನೆ, ಚಿತ್ರವಿರುವ ಮುಚ್ಚಳ ಯಾರಿಗೂ ಕಾಣುವುದೇ ಇಲ್ಲ ಎಂದು ಗೊತ್ತಾಯಿತು. ಇನ್ನೊಂದು ವಿಷಯ ಅದಕ್ಕಿಂತ ಮಜವಾಗಿತ್ತು. ಡಬ್ಬಿ ತೆರೆಯಲು ಯಾರಿಗೂ ಕಷ್ಟವಿಲ್ಲ, ಕಷ್ಟವೆಲ್ಲ ಮುಚ್ಚುವಾಗ. ಎಂಜಿನ್ನಿನ ಮೂತಿ ಎತ್ತ, ಬಾಲ ಎತ್ತ ಎಂದು ತಿಳಿಯದೆ ತಂದೆಯೊಬ್ಬ ಬೆವರಿಳಿಸಿಕೊಂಡು ಒತ್ತುತ್ತಿದ್ದ. ಪಕ್ಕದಲ್ಲಿ ಮಗಳು, "ಅಪ್ಪ, ಅದಕ್ಕೆ ಒಳಗೆ ಹೋಗೋಕೆ ಇಷ್ಟ ಇಲ್ಲ," ಎನ್ನುತ್ತಿದ್ದಳು.

ಮುಂದಿನ ಕಂತಿನ ಡಬ್ಬಿಗಳಿಗೆ ತುದಿಯಲ್ಲೂ ಒಂದು ಚೀಟಿ ಬಂತು, ಮುಚ್ಚಳದ ಒಳಮೈಯಲ್ಲಿ ಯಾವುದು ಎಲ್ಲಿ ಕೂರಬೇಕೆಂಬ ರೇಖಾಚಿತ್ರ ಬಂತು. ಹಿರಿಯಮ್ಮ ಬಾಯಿಬಿಟ್ಟು ಹೊಗಳಲಿಲ್ಲ. ಡಬ್ಬಿಯಕ್ಕ ಎಂಬ ಹೆಸರನ್ನು ಮಾತ್ರ ಅವಳೇ ಇಟ್ಟಳು, ಅದು ಸಾಯುವ ತನಕ ಅಂಟುವಂಥ ಅಂಟು.

ವರ್ಷಗಳು ಹೋದ ಹಾಗೆ ಡಬ್ಬಿಗಳೂ ಮೈ ಬದಲಾಯಿಸಿದವು. ಅಂಗಡಿಗಳಲ್ಲಿ ಕೇಳಿದ್ದನ್ನು ಇಳಿಸಿ ತೋರಿಸುವವನು ಮಾಯವಾದ. ಗಿರಾಕಿಯೇ ಗೂಡಿನ ಮುಂದೆ ನಿಂತು ಆರಿಸಿಕೊಳ್ಳಬೇಕು. ಹಾಗಾದ ಮೇಲೆ ಡಬ್ಬಿ ತಾನೇ ಮಾತಾಡಬೇಕಲ್ಲ! ಕೆಂಪು ಕಾಗದ ಹೋಗಿ ತೆಳು ರಟ್ಟಿನ ಮೇಲೆ ನೇರವಾಗಿ ಅಚ್ಚು ಹಾಕಿದ ಹಳದಿ ಡಬ್ಬಿ ಬಂತು. ಚಪ್ಪಟೆಯಾಗಿ ಬರುತ್ತಿತ್ತು, ಎರಡು ಕಡೆ ಒತ್ತಿದರೆ ಎದ್ದು ನಿಲ್ಲುತ್ತಿತ್ತು. ಆಮೇಲೆ ಅದಕ್ಕೆ ಪ್ಲಾಸ್ಟಿಕ್ ಹಾಳೆಯ ಕಿಟಕಿ ಬಂತು. ಮೂಳೆಯ ಪಟ್ಟಿಗಳನ್ನೆಲ್ಲ ಡ್ರಾಯರಿಗೆ ಹಾಕಿದ ದಿನ ಹಿರಿಯಮ್ಮ ಮೂಗು ಮುರಿದಳು. "ಇದು ಡಬ್ಬಿಯಲ್ಲ, ಅಂಗಿ," ಎಂದಳು. ಆ ವರ್ಷವೇ ಕೆಲಸ ಬಿಟ್ಟಳು. ಅವಳ ಕುರ್ಚಿಗೆ ಡಬ್ಬಿಯಕ್ಕ ಬಂದಳು.

ಅಷ್ಟರಲ್ಲಿ ಎಂಜಿನ್ನುಗಳೂ ನಾಜೂಕಾಗಿದ್ದವು. ಗಿರಾಕಿಗಳಿಗೆ ಈಗ ಎಲ್ಲವೂ ನಿಜದ್ದರ ಹಾಗೇ ಬೇಕು. ಕೂದಲೆಳೆಯಂಥ ಕೈಹಿಡಿ ಕಂಬಿ, ಅಕ್ಕಿಕಾಳಿನಷ್ಟು ದೀಪ, ಸೂಜಿಮೊನೆಯ ಮೆಟ್ಟಿಲು. ಅಲೆರಟ್ಟಿನ ಮಡಿಲಲ್ಲಿ ಇವು ಉಳಿಯುತ್ತಿರಲಿಲ್ಲ. ಲಾರಿಯಲ್ಲಿ ಒಂದು ಊರು ದಾಟುವುದರೊಳಗೆ ಕಂಬಿ ಮುರಿದು, ಎಂಜಿನ್ನು ಬೋಳಾಗಿ ವಾಪಸು ಬರುತ್ತಿತ್ತು. ಡಬ್ಬಿಯಕ್ಕ ಹತ್ತಿ ಹಾಕಿ ನೋಡಿದಳು, ಎಳೆಗಳು ಚಕ್ರಕ್ಕೆ ಸುತ್ತಿಕೊಂಡವು. ಕಾಗದದ ಚೂರು ಹಾಕಿದಳು, ಕುಲುಕಿ ಕುಲುಕಿ ತಳಕ್ಕೆ ಇಳಿದವು. ತಲೆ ಕೆರೆದುಕೊಂಡು ಮನೆಗೆ ಬಂದವಳ ಕಣ್ಣಿಗೆ ಬಿದ್ದದ್ದು, ಗಂಡ ಕೋಟಿನ ಭುಜಕ್ಕೆ ಒಳಗಿನಿಂದ ಕೂರಿಸುತ್ತಿದ್ದ ಬೂದು ಸ್ಪಂಜಿನ ತುಂಡು.

"ಇದೇನು?"

"ಭುಜ ಇಲ್ಲದೋರಿಗೆ ಭುಜ," ಎಂದ ಗಂಡ.

ಅವಳು ಅದನ್ನು ಒತ್ತಿದಳು. ತಗ್ಗಿತು, ಬಿಟ್ಟ ಕೂಡಲೆ ಎದ್ದಿತು. ಮಾರನೆಯ ದಿನವೇ ಒಂದು ಹಾಳೆ ಸ್ಪಂಜನ್ನು ಕಾರ್ಖಾನೆಗೆ ಹೊತ್ತೊಯ್ದು, ಎಂಜಿನ್ನಿನ ಆಕಾರಕ್ಕೆ ಕೊರೆದು, ಅದರೊಳಗೆ ಎಂಜಿನ್ನನ್ನು ಮಲಗಿಸಿ, ಡಬ್ಬಿ ಮುಚ್ಚಿ, ಮೂರನೆಯ ಅಂತಸ್ತಿನ ಮೆಟ್ಟಿಲ ಮೇಲಿಂದ ಉರುಳಿಸಿಬಿಟ್ಟಳು. ಕೆಳಗೆ ನಡು ಅಂತಸ್ತಿನಲ್ಲಿ ಬಣ್ಣ ವಿಭಾಗದ ಹಿರಿಯ, ಎಲ್ಲರ ಬಾಯಲ್ಲಿ ಬಣ್ಣದ ಮಾಮ, ಸದ್ದಿಗೆ ಹೊರಬಂದು ಕಾಲಬುಡಕ್ಕೆ ಬಂದ ಡಬ್ಬಿಯನ್ನು ಎತ್ತಿಕೊಂಡ. ತೆರೆದು ನೋಡಿದ. ಕಂಬಿ, ದೀಪ, ಮೆಟ್ಟಿಲು ಎಲ್ಲ ನೆಟ್ಟಗಿದ್ದವು.

"ಏನಮ್ಮ, ನನ್ನ ಮಗೂಗೆ ಹಾಸಿಗೆ ಹಾಸಿದೀಯಲ್ಲ!" ಎಂದ.

ಮುಂದಿನ ಏಳು ವರ್ಷ ಕಾರ್ಖಾನೆಯಿಂದ ಹೊರಟ ಎಂಜಿನ್ನುಗಳೆಲ್ಲ ಆ ಬೂದು ಹಾಸಿಗೆಯ ಮೇಲೇ ಹೋದವು. ವಾಪಸು ಬರುವುದು ನಿಂತೇಹೋಯಿತು ಎನ್ನಬೇಕು. ಮ್ಯಾನೇಜರು ಹೊರಗಿನಿಂದ ಬಂದವರಿಗೆಲ್ಲ ಅವಳನ್ನು ತೋರಿಸಿ, "ಇವರ ಐಡಿಯಾ," ಎನ್ನುತ್ತಿದ್ದರು.

ಎಂಟನೆಯ ವರ್ಷ ಬೇಸಿಗೆಯಲ್ಲಿ ಮೊದಲ ದೂರು ಬಂತು. ಎಂಜಿನ್ನನ್ನು ಬಹಳ ಜತನವಾಗಿ ಡಬ್ಬಿಯಲ್ಲೇ ಇಟ್ಟಿದ್ದೆ, ಈಗ ತೆಗೆದರೆ ಒಂದು ಮಗ್ಗುಲ ಬಣ್ಣ ಮೆತ್ತಗಾಗಿ ಸಿಪ್ಪೆ ಎದ್ದಿದೆ ಎಂದು ಯಾರೋ ಬರೆದಿದ್ದರು. ತಿಂಗಳೊಳಗೆ ಹನ್ನೆರಡು ಕಾಗದ. ಮ್ಯಾನೇಜರು ಬಣ್ಣದ ಮಾಮನನ್ನು ಕರೆಸಿದರು. ಬಣ್ಣದ ದೂರು ಎಂದ ಮೇಲೆ ಬಣ್ಣದವನ ತಪ್ಪು, ಇನ್ನೇನು? ಒಣಗುವ ಮುಂಚೆ ಕಳಿಸ್ತಿದೀರಿ ಎಂದರು. ಅವನು ಇಲ್ಲ ಎಂದ. ತೆಳ್ಳಗೆ ಮಾಡೋಕೆ ಏನೇನೋ ಬೆರೆಸ್ತಿದೀರಿ ಎಂದರು. ಅವನು ಅದಕ್ಕೂ ಇಲ್ಲ ಎಂದ. ಕೊನೆಗೆ ಮೂವತ್ತು ವರ್ಷ ಕುಂಚ ಹಿಡಿದ ಕೈಯನ್ನು ತನಿಖೆ ಮುಗಿಯುವ ತನಕ ಅಂತ ಕೆಳಗಿನ ಉಗ್ರಾಣಕ್ಕೆ, ತಿರುಪುಗಳನ್ನು ಅಳತೆಯ ಪ್ರಕಾರ ವಿಂಗಡಿಸಲು ಕಳಿಸಿದರು.

ಮಧ್ಯಾಹ್ನದ ಬುತ್ತಿಯನ್ನು ಅವನೂ ಡಬ್ಬಿಯಕ್ಕನೂ ಮೊದಲಿನಿಂದಲೂ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದರು. ಅವನು ಅಲ್ಲಿಗೆ ಬರುವುದನ್ನು ಬಿಟ್ಟ. ಅವಳೇ ಉಗ್ರಾಣಕ್ಕೆ ಇಳಿದು ಹೋದಳು.

"ಮಾಮ, ಬಣ್ಣ ಬದಲಾಯಿಸಿದ್ರಾ?"

"ನಿನಗೂ ಅನುಮಾನಾನಾ?"

"ಅನುಮಾನ ಅಲ್ಲ, ಕೇಳ್ತಿದೀನಿ. ಯಾವುದೂ ಬದಲಾಗದೆ ಬಣ್ಣ ಯಾಕೆ ಬದಲಾಗತ್ತೆ?"

"ಅದೇ ಬಣ್ಣ, ಒಣಗಿಸೋಕೆ ಅದೇ ಒಲೆ, ಅದೇ ಕೈ," ಎಂದು ಅವನು ತನ್ನ ಅಂಗೈ ತೋರಿಸಿದ. ಉಗುರ ಸಂದಿನಲ್ಲಿ ಹಸಿರು ಇನ್ನೂ ಹೋಗಿರಲಿಲ್ಲ.

ಆ ಮಾತು ಅವಳ ಜೊತೆ ಮನೆಗೆ ಬಂತು. ಹತ್ತು ದಿನ ಕಳೆದಿರಬಹುದು. ಒಂದು ಬೆಳಿಗ್ಗೆ ಹಳೆಯ ಗಿರಾಕಿಯೊಬ್ಬ, ಮೈ ಬಂದಿದೆ, ಭುಜ ಸ್ವಲ್ಪ ಸಡಿಲ ಮಾಡಿಕೊಡಿ ಎಂದು ಕೋಟೊಂದನ್ನು ತಂದುಕೊಟ್ಟ. ಗಂಡ ಅದರ ಭುಜ ಬಿಚ್ಚಿದವನೇ, "ಥೂ, ಇದೇನಿದು!" ಎಂದು ಕೈ ಕೊಡವಿದ. ಅವಳು ಓಡಿ ಬಂದಳು. ಭುಜದೊಳಗೆ ಸ್ಪಂಜು ಇರಲಿಲ್ಲ. ಇದ್ದದ್ದು ಕಂದು ಬಣ್ಣದ ಜಿಗುಟು ಪುಡಿ. ಮುಟ್ಟಿದರೆ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು, ಒರೆಸಿದರೆ ಇನ್ನಷ್ಟು ಹರಡುತ್ತಿತ್ತು. ಒಳಗಿನ ರೇಷ್ಮೆ ಬಟ್ಟೆಗೆ ಅದೇ ಆಕಾರದ ಕಲೆ.

"ಇದನ್ನ ಯಾವಾಗ ಹೊಲಿದಿದ್ದು?"

"ಎಂಟೊಂಬತ್ತು ವರ್ಷ ಆಗಿರಬೇಕು. ಯಾಕೆ?"

ಅವಳ ಎಂಜಿನ್ನುಗಳ ಹಾಸಿಗೆಗೂ ಅದೇ ಸ್ಪಂಜು, ಹೆಚ್ಚುಕಮ್ಮಿ ಅಷ್ಟೇ ವರ್ಷ. ಕುರ್ಚಿ ಎಳೆದುಕೊಂಡು ಕೂತಳು. ಆದರೆ ನಿಜ ಹೇಳಬೇಕೆಂದರೆ, ಭಯಕ್ಕಿಂತ ಒಂದು ಹೆಜ್ಜೆ ಮುಂದೆ ಓಡಿದ್ದು ಅವಳ ಕುತೂಹಲವೇ. ಹೀಗೆ ತಾನಾಗಿ ಆಯಿತೋ, ಬೆವರಿನಿಂದ ಆಯಿತೋ? ಬಿಸಿಲಿಗೋ, ತೇವಕ್ಕೋ? ಸ್ಪಂಜು ಬಣ್ಣವನ್ನು ತಿಂದಿತೋ, ಬಣ್ಣವೇ ಸ್ಪಂಜನ್ನು ಕೆಡಿಸಿತೋ?

"ನೀನು ಸುಮ್ಮನಿರು," ಎಂದ ಗಂಡ, ಅವಳ ಮುಖ ನೋಡಿಯೇ ಅರ್ಥಮಾಡಿಕೊಂಡು. "ಕೋಟು ಬೇರೆ, ರೈಲು ಬೇರೆ. ನೀನಾಗಿ ಹೋಗಿ ಹೇಳಿದ್ರೆ ನಿನ್ನ ತಲೆಗೇ ಬರತ್ತೆ."

"ಬಂದ್ರೆ ಬರಲಿ. ಮೊದಲು ಹೌದೋ ಅಲ್ಲವೋ ಗೊತ್ತಾಗಲಿ."

ಯಾರಿಗೂ ಹೇಳದೆ ಅವಳು ಪರೀಕ್ಷೆಗೆ ಇಳಿದಳು. ಜೋಡಣೆಯಲ್ಲಿ ತಿರಸ್ಕಾರವಾದ ಎಂಜಿನ್ ಮೈಗಳು ಒಂದು ಬುಟ್ಟಿಯಲ್ಲಿ ಬಿದ್ದಿರುತ್ತಿದ್ದವು. ಎಲ್ಲವೂ ಬಣ್ಣದ ಮಾಮನ ಕೈಯವು. ಅದರಲ್ಲಿ ಕೆಲವನ್ನು ಆರಿಸಿ ಮುಚ್ಚಳದ ತಗಡಿನ ಡಬ್ಬಿಗಳಿಗೆ ಹಾಕಿದಳು. ಕೆಲವಕ್ಕೆ ಸ್ಪಂಜು ತಾಗಿಸಿದಳು. ಕೆಲವಕ್ಕೆ ಬರೀ ಬೆಣ್ಣೆಕಾಗದ. ಇನ್ನು ಕೆಲವು ಡಬ್ಬಿಗಳಲ್ಲಿ ಎಂಜಿನ್ನೇ ಇಲ್ಲ, ಒಂಟಿ ಸ್ಪಂಜು. ಮೂರೂ ಬಗೆಯ ಒಂದು ಸೆಟ್ಟನ್ನು ಕೆಳಗಿನ ಬಾಯ್ಲರು ಕೋಣೆಯ ಗೂಡಿನಲ್ಲಿ, ಹಬೆ ಬಡಿಯುವಲ್ಲಿಟ್ಟಳು. ಇನ್ನೊಂದನ್ನು ಮುಚ್ಚಳ ತೆಗೆದು ತನ್ನ ಮೇಜಿನ ಪಕ್ಕದ ಬಿಸಿಲು ಕಿಟಕಿಯಲ್ಲಿ. ಮೂರನೆಯದನ್ನು ಕಪಾಟಿನ ತಂಪಿನಲ್ಲಿ. ದಿನಾಂಕ ಬರೆದ ಚೀಟಿ ಅಂಟಿಸಿ, ಪ್ರತಿ ಸೋಮವಾರ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಒಂದು ಸುತ್ತು ಹಾಕುತ್ತಿದ್ದಳು. ಬಾಯ್ಲರಿನವನು, "ಏನಕ್ಕ, ಮೊಟ್ಟೆ ಕಾವಿಗೆ ಇಟ್ಟಿದೀಯಾ?" ಎಂದ. ಹೂಂ, ಮರಿ ಹೊರಗೆ ಬಂದಾಗ ತೋರಿಸ್ತೀನಿ ಎಂದಳು.

ಎರಡು ತಿಂಗಳು ಏನೂ ಇಲ್ಲ. ಅವಳಿಗೆ ಖುಷಿಯೂ ಆಯಿತು, ಒಳಗೊಳಗೇ ನಿರಾಸೆಯೂ ಆಯಿತು. ಮೂರನೆಯ ತಿಂಗಳು ಬಾಯ್ಲರು ಗೂಡಿನ ಒಂಟಿ ಸ್ಪಂಜು ಒತ್ತಿದರೆ ತಗ್ಗಿತು, ಆದರೆ ಏಳಲಿಲ್ಲ. ಐದನೆಯ ತಿಂಗಳಿಗೆ ಅದು ಬೆರಳಿಗೆ ಅಂಟಿತು. ಅದರ ಪಕ್ಕದ ಡಬ್ಬಿಯಲ್ಲಿ ಸ್ಪಂಜು ತಾಗಿದ ಎಂಜಿನ್ನಿನ ಹಸಿರು ಮಗ್ಗುಲು ಮೆತ್ತಗಾಗಿ, ಉಗುರು ತಾಗಿಸಿದರೆ ಏಳುತ್ತಿತ್ತು. ಅಲ್ಲೇ, ಅದೇ ಬಿಸಿಯಲ್ಲಿ, ಬೆಣ್ಣೆಕಾಗದ ಸುತ್ತಿಕೊಂಡಿದ್ದ ಎಂಜಿನ್ನು ಗಾಜಿನ ಹಾಗೆ ಹೊಳೆಯುತ್ತಿತ್ತು. ಬಿಸಿಲು ಕಿಟಕಿಯ ಸ್ಪಂಜು ಹಳದಿಯಾಗಿ ಉದುರುತ್ತಿತ್ತು. ತಂಪಿನಲ್ಲಿಟ್ಟದ್ದು ಇನ್ನೂ ಚೆನ್ನಾಗಿತ್ತು. ಹಾಗಾದರೆ ದೂರು ಬಂದದ್ದೆಲ್ಲ ಸೆಕೆಯ ಊರುಗಳಿಂದಲೇ ಇರಬೇಕಲ್ಲ ಎಂದು ಅವಳಿಗೆ ಹೊಳೆಯಿತು. ಕಚೇರಿಗೆ ಹೋಗಿ ಕಾಗದಗಳ ವಿಳಾಸ ನೋಡಿದಳು. ಒಂದೆರಡು ಬಿಟ್ಟರೆ ಎಲ್ಲವೂ ಹಾಗೇ ಇದ್ದವು. ಗೊತ್ತಾದ ಖುಷಿಗೆ ಅವಳು ಆ ಕಚೇರಿಯಲ್ಲೇ ಒಮ್ಮೆ ಚಪ್ಪಾಳೆ ತಟ್ಟಿಬಿಟ್ಟಳು. ಮರುಕ್ಷಣವೇ ಗೊತ್ತಾದದ್ದೇನು ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಅಂದೇ ಡಬ್ಬಿಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಮ್ಯಾನೇಜರ ಕೋಣೆಗೆ ಹೋದಳು.

"ಸಾರ್, ಇದನ್ನ ಒತ್ತಿ."

ಅವರು ಒತ್ತಿದರು. ಬೆರಳು ಎತ್ತಿದಾಗ ಸ್ಪಂಜೂ ಜೊತೆಗೇ ಎದ್ದಿತು.

"ಏನ್ರೀ ಇದು ಗಲೀಜು?"

"ನನ್ನ ಐಡಿಯಾ ಸಾರ್."

ಅವರು ಅವಳ ಮುಖ ನೋಡಿದರು. ಅವಳು ಒಂದೊಂದು ಡಬ್ಬಿಯನ್ನೂ ತೆರೆದು, ಯಾವುದು ಎಲ್ಲಿತ್ತು, ಎಷ್ಟು ದಿನ ಇತ್ತು ಎಂದು ಹೇಳುತ್ತಾ ಹೋದಳು. ಹೇಳುತ್ತಾ ಹೇಳುತ್ತಾ ಹೆದರಿಕೆ ಮರೆತು, "ಇಲ್ಲಿ ನೋಡಿ ಸಾರ್ ತಮಾಷೆ," ಎನ್ನುವ ತನಕ ಹೋದಳು. ಮ್ಯಾನೇಜರಿಗೆ ತಮಾಷೆಯೇನೂ ಕಾಣಲಿಲ್ಲ.

"ಏಳು ವರ್ಷದ ಮಾಲು ಜನರ ಮನೇಲಿದೆ. ಈಗ ಎಲ್ಲರಿಗೂ ನಮ್ಮದೇ ತಪ್ಪು ಅಂತ ಬರೀಬೇಕಾ?"

"ಸ್ಪಂಜು ತೆಗೆದು ಬಿಸಾಕಿ ಅಂತ ಬರೆದ್ರೆ ಸಾಕು ಸಾರ್. ಕೆಡದೇ ಇರೋದು ಉಳಿಯತ್ತೆ. ಬರೀದೆ ಇದ್ರೆ ಒಂದೊಂದಾಗಿ ಎಲ್ಲ ಹೋಗತ್ತೆ, ಮತ್ತೆ ಎಲ್ಲರೂ ಬಣ್ಣಾನೇ ಬೈತಾರೆ." ತಟ್ಟೆಯನ್ನು ಅವರತ್ತ ತಳ್ಳಿ, "ಮಾಮ ಐದು ತಿಂಗಳಿಂದ ತಿರುಪು ಹೆಕ್ತಿದಾರೆ," ಎಂದಳು.

ಮ್ಯಾನೇಜರು ಬೆರಳಿನ ಅಂಟನ್ನು ಕಾಗದಕ್ಕೆ ಒರೆಸಿಕೊಂಡರು. ಆಮೇಲೆ ಕಾಗದ ಬರೆಯಿತು ಕಾರ್ಖಾನೆ. ಅಂಗಡಿ ಅಂಗಡಿಗೂ, ವಿಳಾಸ ಸಿಕ್ಕ ಗಿರಾಕಿಗಳಿಗೂ. ಡಬ್ಬಿಯಕ್ಕನ ಕುರ್ಚಿ ಹೋಗಲಿಲ್ಲ. ಆದರೆ ಹೊರಗಿನವರು ಬಂದಾಗ ಅವಳನ್ನು ತೋರಿಸುವುದು ಆವತ್ತಿಗೆ ನಿಂತಿತು. ಬದಲಿಗೆ ಒಂದು ಹೊಸ ನಿಯಮ ಬಂತು: ಇನ್ನು ಮುಂದೆ ಯಾವ ಹೊಸ ಸಾಮಾನೂ ಬಾಯ್ಲರು ಗೂಡಿನಲ್ಲಿ ಆರು ತಿಂಗಳು ಕೂತು ಪಾಸಾಗದೆ ಡಬ್ಬಿಯೊಳಗೆ ಹೋಗುವಂತಿಲ್ಲ.

ಬಣ್ಣದ ಮಾಮ ನಡು ಅಂತಸ್ತಿಗೆ ಹಿಂದಿರುಗಿದ. ಮೆಟ್ಟಿಲ ಮೇಲೆ ಎರಡು ದಿನ ಅವಳಿಗೆ ಬೆನ್ನು ಹಾಕಿ ಬುತ್ತಿ ತಿಂದ. ಮೂರನೆಯ ದಿನ ಅವಳೇ ಕೇಳಿದಳು, "ಕೋಪಾನಾ ಮಾಮ?"

"ಇತ್ತು. ನಿನ್ನ ಹಾಸಿಗೆಯಿಂದ ನನ್ನ ಮಾನ ಹೋಯ್ತಲ್ಲ ಅಂತ. ಆದ್ರೆ ನೀನು ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ." ಅವನು ತನ್ನ ಬ್ರೆಡ್ಡಿನ ಅರ್ಧ ಮುರಿದು ಅವಳಿಗೆ ಕೊಟ್ಟ. "ಒಂದು ಹೇಳು. ಒಂಟಿ ಸ್ಪಂಜನ್ನ ಯಾಕೆ ಬೇರೆ ಇಟ್ಟೆ? ನನಗೆ ಹೊಳೀತಿರಲಿಲ್ಲ ಅದು."

ಅಲ್ಲಿಂದ ಗಂಟೆ ಹೊಡೆಯುವ ತನಕ ಇಬ್ಬರೂ ಅದೇ ಮಾತು.

ಸ್ಪಂಜಿನ ಜಾಗಕ್ಕೆ ಥರ್ಮಾಕೋಲಿನ ತಟ್ಟೆ ಬಂತು. ತೆಗೆಯುವಾಗ ಕಿರ್ರೆನ್ನುವ ಅದರ ಸದ್ದಿಗೆ ಇಡೀ ವಿಭಾಗ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಆಮೇಲೆ ಎಂಜಿನ್ನಿನ ಮೈಯನ್ನೇ ಅಚ್ಚೊತ್ತಿದಂಥ ಪಾರದರ್ಶಕ ಪ್ಲಾಸ್ಟಿಕ್ ಚಿಪ್ಪು. ಎರಡು ಹೋಳು ಕೂಡಿಸಿದರೆ ಕಟಕ್ಕೆನ್ನುತ್ತಿತ್ತು, ಬಿಡಿಸಬೇಕಾದರೆ ಉಗುರು ಹೋಗುತ್ತಿತ್ತು. ಕೊಳ್ಳುವವರೂ ಬದಲಾದರು. ಮಗುವಿಗೆಂದು ಒಯ್ಯುವವರು ಕಮ್ಮಿಯಾಗಿ, ಕನ್ನಡಕ ಹಾಕಿದ, ಕೂದಲು ನರೆತ ಗಿರಾಕಿಗಳು ತಮಗೇ ಒಯ್ಯತೊಡಗಿದರು. ಅವರಿಗಾಗಿ ಅಯಸ್ಕಾಂತದ ಮುಚ್ಚಳವಿರುವ ಕಪ್ಪು ಪೆಟ್ಟಿಗೆ, ಒಳಗೆ ಸಂಖ್ಯೆ ಬರೆದ ಪ್ರಮಾಣಪತ್ರ. ಅಂಥವರಲ್ಲಿ ಕೆಲವರು ಪೆಟ್ಟಿಗೆಯನ್ನು ಜೀವಮಾನದಲ್ಲಿ ಒಮ್ಮೆಯೂ ತೆರೆಯುವುದಿಲ್ಲ ಎಂದು ಕೇಳಿ ಅವಳು ದಂಗಾದಳು. ತೆರೆಯದಿದ್ದರೆ ಒಳಗೆ ಎಂಜಿನ್ನು ಇದೆ ಅಂತ ಹೇಗೆ ನಂಬ್ತಾರೆ ಎಂದು ವಾರಗಟ್ಟಲೆ ಎಲ್ಲರನ್ನೂ ಕೇಳಿದಳು. ಕೊನೆಯ ವರ್ಷಗಳಲ್ಲಿ ಅಂಗಡಿಯೇ ಬೇಡವಾಗಿ ಎಲ್ಲ ಅಂಚೆಯಲ್ಲಿ ಹೋಗತೊಡಗಿದಾಗ, ಹೊರಗಿನ ಡಬ್ಬಿ ಚಿತ್ರವಿಲ್ಲದ ಬೋಳು ಕಂದು ರಟ್ಟಾಯಿತು. ಆ ರಟ್ಟಿನ ಕಾಲದಲ್ಲೇ ಅವಳು ನಿವೃತ್ತಳಾದಳು.

ಎರಡು ವರ್ಷ ಮನೆಯಲ್ಲಿ ಗಂಡನ ಗುಂಡಿಗಳನ್ನು ಬಣ್ಣವಾರು ಜೋಡಿಸಿದಳು. ಒಂದು ದಿನ ಕಾರ್ಖಾನೆಯಿಂದ ಫೋನು. ಹೊಸ ವಿನ್ಯಾಸಗಾರ್ತಿ ಮಾತಾಡಿದಳು. ಈಗ ಯಾರಿಗೂ ಪ್ಲಾಸ್ಟಿಕ್ಕು ಬೇಡವಂತೆ, ಪೂರ್ತಿ ರಟ್ಟಿನಲ್ಲೇ, ಕಿಟಕಿಯಿಲ್ಲದೆ, ಚಿಪ್ಪಿಲ್ಲದೆ ಡಬ್ಬಿ ಮಾಡಬೇಕಂತೆ. ನಾಜೂಕು ಎಂಜಿನ್ನು ಅಲ್ಲಾಡದ ಹಾಗೆ ಬರೀ ಮಡಿಕೆಗಳಲ್ಲಿ ಹಿಡಿದಿಡುವುದು ಹೇಗೆಂದು ತೋರಿಸಲು ಬರುತ್ತೀರಾ?

"ಹೋಗ್ತೀಯಾ?" ಎಂದ ಗಂಡ. ಅಷ್ಟರಲ್ಲಿ ಅವಳು ಬೂಟು ಹಾಕಿಕೊಂಡಾಗಿತ್ತು.

ಮೂರು ವಾರ ಹೋದಳು. ಮೊದಲ ವಾರ ಅವಳು ಕಲಿಸಿದಳು. ರಟ್ಟಿಗೂ ಮರದ ಹಾಗೆ ನಾರಿನ ದಿಕ್ಕಿರುತ್ತದೆ, ಅಡ್ಡ ಮಡಚಿದರೆ ಸಿಡಿಯುತ್ತದೆ, ಉದ್ದಕ್ಕೆ ಮಡಚಿದರೆ ಮಾತು ಕೇಳುತ್ತದೆ ಎಂದು. ಎಂಜಿನ್ನನ್ನು ಚಕ್ರದ ಹತ್ತಿರ ಹಿಡಿಯಬೇಕು, ಮೈಯನ್ನು ಯಾವುದೂ ಮುಟ್ಟಬಾರದು ಎಂದು. ಎರಡನೆಯ ವಾರ ಅವಳ ಕಣ್ಣು ವಿನ್ಯಾಸಗಾರ್ತಿಯ ಕಂಪ್ಯೂಟರಿನ ಮೇಲೆ ಬಿತ್ತು. ಪರದೆಯ ಮೇಲೆ ಗೆರೆ ಎಳೆದರೆ ಪಕ್ಕದ ಯಂತ್ರ ರಟ್ಟನ್ನು ಅದರ ಪ್ರಕಾರವೇ ಕೊರೆದು ಕೊಡುತ್ತಿತ್ತು.

"ಇದನ್ನ ನಾನೂ ಮಾಡಬಹುದಾ?"

"ಕೂತ್ಕೊಳ್ಳಿ ಆಂಟಿ," ಎಂದು ಆಕೆ ಕುರ್ಚಿ ಬಿಟ್ಟುಕೊಟ್ಟಳು.

ಮಧ್ಯಾಹ್ನವೆಲ್ಲ ಗುದ್ದಾಡಿ ಅವಳು ಒಂದು ತಳ, ಒಂದು ಮುಚ್ಚಳ ಬಿಡಿಸಿದಳು. ಯಂತ್ರ ಗುರ್ರೆಂದು ಕೊರೆದು ಕೊಟ್ಟಿತು. ಮಡಚಿ ನಿಲ್ಲಿಸಿ ನೋಡಿದರೆ ಮುಚ್ಚಳವೇ ತಳಕ್ಕಿಂತ ಚಿಕ್ಕದು. ರಟ್ಟಿನ ದಪ್ಪವನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಮರೆತಿದ್ದಳು. ನಲವತ್ತೊಂದು ವರ್ಷ ಡಬ್ಬಿ ಮಾಡಿದವಳು! ವಿನ್ಯಾಸಗಾರ್ತಿ ಮುಚ್ಚಳವನ್ನು ಒತ್ತಿ ಕೂರಿಸಲು ನೋಡಿದಳು. ಡಬ್ಬಿಯಕ್ಕನಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

"ಈ ಗೆರೆ ಸ್ವಲ್ಪ ಆಚೆ ತಳ್ಳಬೇಕಲ್ಲ, ಯಾವ ಗುಂಡಿ ಒತ್ತಲಿ?"